ಅವ್ಯಕ್ತಕ್ಕೊಂದು ಹೆಸರು

ಬೀಜಗಣಿತವೆಂದೊಡನೆ ನಮ್ಮಲ್ಲಿ ಅನೇಕರಿಗೆ ಶಾಲೆಯ ಕರಿಹಲಗೆಯೂ ಅದರ ಮೇಲಣ ಅಕ್ಷರಗಳ ಗೊಂದಲವೂ ನೆನಪಿಗೆ ಬರುವುವು. ಪರೀಕ್ಷೆ ಮುಗಿದ ಮೇಲೆ ಅದಕ್ಕೂ ಸಂಸಾರಕ್ಕೂ ಏನು ಸಂಬಂಧವೆಂದು ಕೇಳತಕ್ಕವರೂ ಉಂಟು. ಆ ಸಂಬಂಧವನ್ನು ಈ ಹೊತ್ತು ಒಂದು ಸಾಲದ ಲೆಕ್ಕದಿಂದ ನೋಡೋಣ.

ಗೃಹಸ್ಥನೊಬ್ಬನಿಗೆ ಮಗಳ ಓದಿನ ಖರ್ಚಿಗಾಗಿ 900 ರೂಪಾಯಿ ಬೇಕಾಗಿದೆ. ಸಾಲ ಕೊಡುವವನು ಒಂದು ವರ್ಷದ ಬಡ್ಡಿಯನ್ನು ನೂರಕ್ಕೆ ಹತ್ತರಂತೆ ಮೊದಲೇ ಮುರಿದುಕೊಂಡು ಉಳಿದುದನ್ನು ಕೈಗೆ ಕೊಡತಕ್ಕವನು. ವರ್ಷದ ಕೊನೆಗೆ ಪತ್ರದಲ್ಲಿ ಬರೆದ ಮೊತ್ತವನ್ನೆಲ್ಲ ಹಿಂದಿರುಗಿಸಬೇಕು. ಹಾಗಾದರೆ ಎಷ್ಟು ರೂಪಾಯಿಗೆ ಪತ್ರ ಬರೆದುಕೊಡಬೇಕು? 900ರಲ್ಲಿ ಹತ್ತನೆಯ ಒಂದು ಪಾಲು 90. ಕೂಡಿಸಿದರೆ 990 ಎಂದು ಆತನು ಬಾಯಿಲೆಕ್ಕ ಹಾಕುತ್ತಾನೆ. ಆದರೆ 990ರಲ್ಲಿ 99 ಮುರಿದರೆ ಕೈಗೆ ಬರುವುದು 891 ಮಾತ್ರ. ಒಂಬತ್ತು ರೂಪಾಯಿ ಕಡಮೆಯಾಯಿತು. ಬಡ್ಡಿಯನ್ನು ಮುರಿಯುವುದು ಬೇಕಾದ ಹಣದ ಮೇಲಲ್ಲ, ಪತ್ರದ ಹಣದ ಮೇಲೆ; ಆ ಪತ್ರದ ಹಣವೇ ನಮಗೆ ತಿಳಿಯದು.

ತಿಳಿಯದುದಕ್ಕೆ ಹೆಸರಿಡುವುದೇ ಬೀಜಗಣಿತದ ಮೊದಲ ಹೆಜ್ಜೆ. ಪತ್ರದ ಹಣವನ್ನು 'ಯಾ' ಎನ್ನೋಣ. ಮುರಿದದ್ದು ಅದರ ಹತ್ತನೆಯ ಒಂದು ಪಾಲು. ಉಳಿದದ್ದು ಹತ್ತರಲ್ಲಿ ಒಂಬತ್ತು ಪಾಲು. ಅದು 900ಕ್ಕೆ ಸಮ. ಒಂಬತ್ತು ಪಾಲು 900 ಆದರೆ ಒಂದು ಪಾಲು 100. ಆದುದರಿಂದ 'ಯಾ' ಎಂಬುದು 1000. ತಾಳೆ ನೋಡಿದರೆ, 1000ದಲ್ಲಿ 100 ಕಳೆದು 900 ಉಳಿಯುತ್ತದೆ. ಇಷ್ಟರಿಂದಲೇ ಮತ್ತೊಂದು ಸಂಗತಿಯೂ ಹೊರಬೀಳುವುದು: ಕೈಗೆ ಬಂದ 900ಕ್ಕೆ ತೆತ್ತ ಬಡ್ಡಿ 100. ಬಾಯಲ್ಲಿ ಹೇಳಿದ್ದು ನೂರಕ್ಕೆ ಹತ್ತು. ನಡೆದದ್ದು ನೂರಕ್ಕೆ ಹನ್ನೊಂದಕ್ಕೂ ಮೇಲು.

'ಯಾ' ಎಂಬ ಹೆಸರು ನಮ್ಮ ಕಲ್ಪನೆಯಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಅವ್ಯಕ್ತವನ್ನು 'ಯಾವತ್ತಾವತ್', ಎಂದರೆ 'ಎಷ್ಟೋ ಅಷ್ಟು' ಎಂದು ಕರೆದು, ಬರೆಯುವಾಗ 'ಯಾ' ಎಂದು ಸಂಕ್ಷೇಪಿಸಿದನು. ಅವ್ಯಕ್ತಗಳು ಹೆಚ್ಚಾದರೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿಟ್ಟನು. ಅವನಿಗೂ ಮುಂಚೆ 628ರಲ್ಲಿ ಬ್ರಹ್ಮಗುಪ್ತನು ಸಮೀಕರಣಗಳನ್ನು ಬಿಡಿಸುವ ಕ್ರಮವನ್ನು ಹೇಳಿದ್ದನು. ನಮ್ಮ ನಾಡಿನಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳು ಹೇರಳವಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ರಚಿಸಿದನು.

ಆದಕಾರಣ ಪತ್ರಕ್ಕೆ ರುಜು ಹಾಕುವ ಮುನ್ನ ಗೃಹಸ್ಥನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ತಿಳಿಯದುದು ಯಾವುದು? ಯಾವುದು ಯಾವುದಕ್ಕೆ ಸಮ? ಬಂದ ಉತ್ತರ ತಾಳೆಯಾಗುವುದೆ? ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿದರೆ ಮತ್ತೂ ಒಳ್ಳೆಯದು. ಅವಳ ಓದಿನ ಸಾಲವಷ್ಟೆ.