ವಂಶವಾಹಿಯ ಮೇಲೊಂದು ಚೀಟಿ



ನಮ್ಮ ಟೇಪ್ ಭಂಡಾರದಲ್ಲಿ ಕೆಲವು ಟೇಪುಗಳ ಮೇಲೆ 'ಪ್ರಸಾರಕ್ಕಲ್ಲ' ಎಂಬ ಚೀಟಿ ಅಂಟಿಸಿರುತ್ತೇವೆ. ಟೇಪು ಹಾಳಾಗಿರುವುದಿಲ್ಲ, ಅದನ್ನು ಯಾರೂ ಹಾಕುವುದಿಲ್ಲ, ಅಷ್ಟೆ. ನಮ್ಮ ಜೀವಕೋಶಗಳಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ಯಕೃತ್ತಿನ ಕೋಶಕ್ಕೂ ಚರ್ಮದ ಕೋಶಕ್ಕೂ ಇರುವ ಡಿ.ಎನ್.ಎ. ಒಂದೇ. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಡಿ.ಎನ್.ಎ.ಗೆ ಅಂಟಿಕೊಳ್ಳುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕದ ಪಾತ್ರ ದೊಡ್ಡದು. ಇದೇ ಆ ಚೀಟಿ. ಕೋಶ ಇಬ್ಭಾಗವಾದಾಗ ಚೀಟಿಯೂ ನಕಲಾಗುತ್ತದೆ.

ಚೀಟಿಯ ಮೇಲೆ ಕೈಯಾಡಿಸುವ ಔಷಧಿ ಹೊಸದೇನಲ್ಲ. ಅಜಾಸೈಟಿಡಿನ್ ಅನ್ನು ಜೆಕೊಸ್ಲೊವಾಕಿಯದ ರಸಾಯನ ವಿಜ್ಞಾನಿಗಳು 1964ರಲ್ಲೇ ತಯಾರಿಸಿದ್ದರು. ಅಸ್ಥಿಮಜ್ಜೆಯ ಕೆಲವು ರೋಗಗಳಿಗೆ ಅಮೆರಿಕ ಅದನ್ನು ಒಪ್ಪಿದ್ದು 2004ರಲ್ಲಿ! ಅದು ಚೀಟಿಯನ್ನು ನಕಲು ಮಾಡುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಬೇಡದ ಚೀಟಿಯ ಜೊತೆಗೆ ಬೇಕಾದದ್ದೂ ಹೋಗುತ್ತದೆ.

ಆರಿಸಿದ ಒಂದೇ ವಂಶವಾಹಿಗೆ ಚೀಟಿ ಹಚ್ಚಲು ಹೊರಟದ್ದು, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಒಮೆಗಾ ಥೆರಪ್ಯೂಟಿಕ್ಸ್ ಎಂಬ ಕಂಪೆನಿ. ಅದರ ಮೊದಲ ಗುರಿ 'ಮಿಕ್' ವಂಶವಾಹಿ. ಕೋಶಗಳ ಬೆಳವಣಿಗೆಗೆ ಇದು ಬೇಕೇ ಬೇಕು. ಹದ ಮೀರಿದರೆ ಕ್ಯಾನ್ಸರಿಗೆ ಇಂಬು. ಇದರ ಪ್ರೋಟೀನಿನಲ್ಲಿ ಔಷಧಿ ಕೂರಲು ತಕ್ಕ ಕುಳಿಯೇ ಇಲ್ಲವಾದ್ದರಿಂದ ದಶಕಗಳ ಕಾಲ ವಿಜ್ಞಾನಿಗಳು ಸೋತಿದ್ದರು. ಒಮೆಗಾ ಪ್ರೋಟೀನನ್ನು ಬಿಟ್ಟು ನೇರವಾಗಿ ವಂಶವಾಹಿಯ ಬಳಿಗೇ ಹೋಯಿತು. ಕೊಬ್ಬಿನ ಅತಿಸೂಕ್ಷ್ಮ ಕಣಗಳಲ್ಲಿ ಸುತ್ತಿದ ಎಂ.ಆರ್.ಎನ್.ಎ. (ಕೋವಿಡ್ ಲಸಿಕೆಯ ಕಾಲದಲ್ಲಿ ನಾವೆಲ್ಲ ಕೇಳಿದ ಹೆಸರು) ಯಕೃತ್ತನ್ನು ಸೇರುತ್ತದೆ. ಅದರ ಸೂಚನೆಯಂತೆ ಕೋಶವೇ ತಯಾರಿಸುವ ಪ್ರೋಟೀನುಗಳು ಮಿಕ್ ಇರುವ ಜಾಗವನ್ನು ಹುಡುಕಿ ಚೀಟಿ ಅಂಟಿಸುತ್ತವೆ. ಡಿ.ಎನ್.ಎ.ಯನ್ನು ಕತ್ತರಿಸುವ ಮಾತೇ ಇಲ್ಲ. ಔಷಧಿ ಕರಗಿಹೋದ ಮೇಲೂ ಚೀಟಿ ಉಳಿಯಬೇಕು ಎಂಬುದು ಲೆಕ್ಕಾಚಾರ.

2022ರಲ್ಲಿ ಯಕೃತ್ತಿನ ಕ್ಯಾನ್ಸರ್ ಇದ್ದವರಿಗೆ ಇದನ್ನು ಕೊಟ್ಟು ಪರೀಕ್ಷೆ ಆರಂಭಿಸಿದರು. ಮರುವರ್ಷ ಬಂದ ಮೊದಲ ಫಲಿತಾಂಶ: ಚೀಟಿ ಬೇಕಾದ ಕಡೆಗೇ ಅಂಟಿತ್ತು. ಚೀಟಿ ಅಂಟುವುದಕ್ಕೂ ರೋಗಿ ಗುಣವಾಗುವುದಕ್ಕೂ ನಡುವೆ ಬಹಳ ದೂರವಿದೆ, ನಿಜ. ಆ ದೂರ ನಡೆಯುವಷ್ಟು ಹಣ ಕಂಪೆನಿಯಲ್ಲಿರಲಿಲ್ಲ. 2025ರ ಫೆಬ್ರವರಿಯಲ್ಲಿ ಅದು ದಿವಾಳಿ ಕಾಯಿದೆಯಡಿ ನ್ಯಾಯಾಲಯದ ರಕ್ಷಣೆ ಕೋರಿತು. ಒಳ್ಳೊಳ್ಳೆಯ ಧಾರಾವಾಹಿಗಳು ಹಣವಿಲ್ಲದೆ ನಡುವೆಯೇ ನಿಂತದ್ದನ್ನು ಕಂಡವನು ನಾನು. ಆದರೂ ಈ ಸುದ್ದಿ ಓದಿದ ದಿನ ಮನಸ್ಸಿಗೆ ಕಸಿವಿಸಿಯಾಯಿತು. ಕ್ಯಾನ್ಸರ್ ರೋಗಿಗೆ ಮುಂದಿನ ಕಂತಿಗಾಗಿ ಕಾಯುವಷ್ಟು ಪುರುಸೊತ್ತು ಎಲ್ಲಿದೆ?

ಇದೇ ಬಗೆಯ ಉಪಾಯವನ್ನು ಅಮೆರಿಕದ ಇನ್ನೊಂದು ಕಂಪೆನಿ ಟ್ಯೂನ್ ಥೆರಪ್ಯೂಟಿಕ್ಸ್ ಹೆಪಟೈಟಿಸ್-ಬಿ ವೈರಸ್ಸಿನ ಮೇಲೆ ಹೂಡಿದೆ. ಯಕೃತ್ತಿನ ಕೋಶಗಳಲ್ಲಿ ವರ್ಷಗಟ್ಟಲೆ ಅಡಗಿ ಕೂರುವ ಅದರ ಡಿ.ಎನ್.ಎ.ಗೆ ಚೀಟಿ ಹಚ್ಚುವ ಈ ಔಷಧಿಯನ್ನು ರೋಗಿಗಳಲ್ಲಿ ಪರೀಕ್ಷಿಸಲು ನ್ಯೂಜಿಲೆಂಡ್ ಮತ್ತು ಹಾಂಗ್‌ಕಾಂಗ್‌ನಲ್ಲಿ ಅನುಮತಿ ಸಿಕ್ಕಿದೆ.