ಹೊಸ ಕಾರ್ಖಾನೆ ಯಾವುದು, ಅದರ ಲಾಭ ಯಾವುದು?

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶಕ್ಕೆ ಕಾರ್ಖಾನೆಗಳು ಬೇಕಿದ್ದವು, ದುಡ್ಡಿದ್ದವರಿಗೆ ಧೈರ್ಯ ಬೇಕಿತ್ತು. 1949ರಲ್ಲಿ ಸರ್ಕಾರ ಆದಾಯ ತೆರಿಗೆ ಕಾಯ್ದೆಗೆ 15ಸಿ ಎಂಬ ಕಲಂ ಸೇರಿಸಿತು. ಹೊಸ ಕೈಗಾರಿಕಾ ಘಟಕದ ಲಾಭದಲ್ಲಿ, ಹೂಡಿದ ಬಂಡವಾಳದ ಶೇಕಡಾ 6ರಷ್ಟಕ್ಕೆ ಐದು ವರ್ಷ ತೆರಿಗೆ ಇರಲಿಲ್ಲ. ಆದರೆ ಹಳೆಯ ವ್ಯವಹಾರವನ್ನು ಒಡೆದೋ ಪುನರ್‌ರಚಿಸಿಯೋ ಹುಟ್ಟುಹಾಕಿದ ಘಟಕಕ್ಕೆ ಇದು ಸಲ್ಲುತ್ತಿರಲಿಲ್ಲ. ಬೋರ್ಡು ಬದಲಿಸಿ ರಿಯಾಯಿತಿ ಕೇಳುವವರನ್ನು ತಡೆಯಬೇಕಿತ್ತಲ್ಲ! ಜಗಳ ಶುರುವಾದದ್ದು ಅಲ್ಲಿಂದಲೇ.

ಕಲ್ಕತ್ತೆಯ ಟೆಕ್ಸ್‌ಟೈಲ್ ಮೆಷಿನರಿ ಕಾರ್ಪೊರೇಷನ್, ಅಲ್ಲಿಯವರೆಗೆ ಪೇಟೆಯಿಂದ ಕೊಳ್ಳುತ್ತಿದ್ದ ಎರಕದ ಭಾಗಗಳನ್ನು ತಾನೇ ಮಾಡಿಕೊಳ್ಳಲು ಉಕ್ಕಿನ ಎರಕದ ಘಟಕ ಹಾಕಿತು. ಮಾಲೀಕರು ಅವರೇ, ಮಾಲು ಬಳಸುವವರೂ ಅವರೇ, ಹಾಗಾಗಿ ಇದು ಬರೀ ಪುನರ್‌ರಚನೆ ಎಂದಿತು ತೆರಿಗೆ ಇಲಾಖೆ. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೊಸ ಬಂಡವಾಳ, ಹೊಸ ಯಂತ್ರ, ತಾನೇ ನಿಲ್ಲಬಲ್ಲ ಪ್ರತ್ಯೇಕ ಘಟಕ, ಇಷ್ಟಿದ್ದರೆ ಅದು ಹೊಸದೇ ಎಂದಿತು.

ಬಜಾಜ್ ಟೆಂಪೊ ಎಂಬ ಕಂಪನಿಯ ಪ್ರಕರಣ ಇನ್ನೂ ಸ್ವಾರಸ್ಯದ್ದು. ಬಾಡಿಗೆಗೆ ಪಡೆದ ಕಟ್ಟಡ, 3,500 ರೂಪಾಯಿಯ ಹಳೆಯ ಉಪಕರಣಗಳು. ಅಷ್ಟಕ್ಕೇ ರಿಯಾಯಿತಿ ತಪ್ಪಿತ್ತು! ಬೆಳವಣಿಗೆಗೆಂದು ಕೊಟ್ಟ ಸವಲತ್ತನ್ನು ಉದಾರವಾಗಿ ಓದಬೇಕು ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಂದಿಗೂ ವಕೀಲರು ಈ ತೀರ್ಪನ್ನು ಬಿಡದೆ ಉಲ್ಲೇಖಿಸುತ್ತಾರೆ.

ಆದರೆ ಘಟಕ ಹೊಸದೆಂದು ಒಪ್ಪಿದ ಮೇಲೂ ಲಾಭದ ಮೂಲ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಅಲ್ಲಿ ನ್ಯಾಯಾಲಯದ ಕೈ ಬಿಗಿ. ಮಂಗಳೂರಿನ ಸ್ಟರ್ಲಿಂಗ್ ಫುಡ್ಸ್ ಸಿಗಡಿ ಸಂಸ್ಕರಿಸಿ ರಫ್ತು ಮಾಡುತ್ತಿತ್ತು. ರಫ್ತಿಗೆ ಪ್ರತಿಯಾಗಿ ದೊರೆತ ಆಮದು ಹಕ್ಕುಗಳನ್ನು ಮಾರಿ ಬಂದ ಹಣಕ್ಕೂ, ಹಿಂದುಳಿದ ಪ್ರದೇಶದ ಹೊಸ ಘಟಕಗಳಿಗಿದ್ದ ಕಡಿತವನ್ನು ಕೇಳಿತು. ಆ ಹಣದ ಮೂಲ ಸರ್ಕಾರದ ಯೋಜನೆ, ಕಾರ್ಖಾನೆಯಲ್ಲ ಎಂದು 1999ರಲ್ಲಿ ತೀರ್ಪಾಯಿತು. ಸಿಗಡಿ ರಫ್ತಾಗದೆ ಆ ಹಕ್ಕು ಎಲ್ಲಿಂದ ಬರಬೇಕಿತ್ತು ಎಂದು ನನಗನಿಸುತ್ತದೆ. ಕಾನೂನಿಗೆ ಮಾತ್ರ ಲಾಭಕ್ಕೂ ಕಾರ್ಖಾನೆಗೂ ನೇರ ಸಂಬಂಧ ಬೇಕು.

2016ರಲ್ಲಿ ಮೇಘಾಲಯ ಸ್ಟೀಲ್ಸ್ ಪ್ರಕರಣದಲ್ಲಿ ಹಗ್ಗ ಸ್ವಲ್ಪ ಸಡಿಲವಾಯಿತು. ಸಾಗಣೆ, ವಿದ್ಯುತ್, ಬಡ್ಡಿಯ ಖರ್ಚನ್ನು ತುಂಬಿಕೊಡುವ ಸಬ್ಸಿಡಿ ತಯಾರಿಕೆಯ ವೆಚ್ಚವನ್ನೇ ಇಳಿಸುತ್ತದೆ, ಆದ್ದರಿಂದ ಅದು ಘಟಕದ ಲಾಭವೇ ಎಂದಿತು ನ್ಯಾಯಾಲಯ. ಆದರೆ ಎರಡೇ ವರ್ಷದಲ್ಲಿ, ಸುಂಕ ವಿನಾಯಿತಿಗೆ ಸಂಬಂಧಿಸಿದ ದಿಲೀಪ್ ಕುಮಾರ್ ಕಂಪನಿಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ವಿನಾಯಿತಿ ಅಧಿಸೂಚನೆಯಲ್ಲಿ ಸಂದೇಹವಿದ್ದರೆ ಅದರ ಲಾಭ ಸರ್ಕಾರಕ್ಕೆ ಎಂದಿತು. ಅಂದಿನಿಂದ ಇಲಾಖೆಯ ವಕೀಲರು ದಿಲೀಪ್ ಕುಮಾರ್ ತೀರ್ಪನ್ನು ಹಿಡಿದು ಬರುತ್ತಾರೆ, ಉದ್ಯಮಿಗಳ ವಕೀಲರು ಬಜಾಜ್ ಟೆಂಪೊವನ್ನು.