ಬಲ್ಬಿಗಿಂತ ಮೊದಲು ರಿಫ್ಲೆಕ್ಟರ್



ಹವಳದ ದೊಡ್ಡ ತೊಟ್ಟಿಗೆ ಬೆಳಕು ಕೊಡುವುದು ಹೇಗೆ ಎಂಬುದಕ್ಕೆ ತುಮಕೂರಿನಲ್ಲೊಂದು ವಿಚಾರ ಸಂಕಿರಣ ಎಂದಾಗ ಹುಬ್ಬೇರಿಸಿದವರು ಕಡಿಮೆಯಿಲ್ಲ. ಸಮುದ್ರ ಮಟ್ಟದಿಂದ ಎಂಟುನೂರು ಮೀಟರ್ ಮೇಲೆ ಕೂತಿದ್ದೇವೆ. ನಮ್ಮ ನೀರೆಂದರೆ ಕೆರೆ, ಕೊಳವೆಬಾವಿ, ಹೇಮಾವತಿ ನಾಲೆ. ಕಡಲ ನೀರು ಬೇಕಾದರೆ ಆರ್‌ಒ ನೀರಿಗೆ ಪ್ಯಾಕೆಟ್ಟಿನ ಉಪ್ಪು ಬೆರೆಸಿ ನಾವೇ ಮಾಡಿಕೊಳ್ಳಬೇಕು. ಆದರೆ ಬೆಳಕಿನ ವಿಚಾರದಲ್ಲಿ ನಾವು ಕಡಲಿಗೆ ಅಷ್ಟೇನೂ ದೂರದವರಲ್ಲ. ತುಮಕೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮುರ್ಡೇಶ್ವರದ ಎದುರಿಗೆ ಹವಳಗಳಿರುವ ನಮ್ಮದೇ ನೇತ್ರಾಣಿ ದ್ವೀಪ 14 ಡಿಗ್ರಿಯಲ್ಲಿದೆ. ಲಕ್ಷದ್ವೀಪ 8ರಿಂದ 12ರ ನಡುವೆ. ಅಲ್ಲಿ ಹವಳದ ನೆತ್ತಿಗೆ ಬರುವ ಸೂರ್ಯ ಹೆಚ್ಚುಕಡಿಮೆ ಅದೇ ಕೋನದಲ್ಲಿ ಗುಬ್ಬಿಯ ತೆಂಗಿನ ತೋಟದ ಮೇಲೂ ಬರುತ್ತಾನೆ. ಇದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಂಡಿರಿ.

ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲಿರುವ ಅಕ್ವೇರಿಯಂ ಅಂಗಡಿಯವರು ಬೇಸರಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲ ಸೇರಿದವು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳೂ ಸೇರಿದವು. ಹುಲಿ ಇರುವ ಪಟ್ಟಿ ಅದು. ನೇತ್ರಾಣಿಯಿಂದಲೋ ಮನ್ನಾರ್ ಕೊಲ್ಲಿಯಿಂದಲೋ ಕಿತ್ತು ತಂದ ತುಂಡಿಗೆ ಬೆಳಕು ಹೊಂದಿಸುವ ಪಾಠ ಈ ಸಂಕಿರಣದಲ್ಲಿ ಸಿಗುವುದಿಲ್ಲ. ನಮ್ಮ ಕೈಯಲ್ಲಿ ಉಳಿಯುವುದು ಆ ಪಟ್ಟಿಯಲ್ಲಿಲ್ಲದ ಲೆದರ್ ಕೋರಲ್, ಝೀನಿಯಾ, ಝೋವಾಂತಿಡ್‌ನಂಥ ಮೆತ್ತನೆಯ ಜೀವಿಗಳು, ಅನಿಮೋನ್, ಕಡಲ ಪಾಚಿ. ಅವುಗಳ ನಡುವೆ ಓಡಾಡಲು ಕ್ಲೌನ್ ಮೀನು. ಇವನ್ನೂ ಮೂಲದ ಕಾಗದಪತ್ರ ನೋಡಿಯೇ ಕೊಳ್ಳಬೇಕು.

ಕಾನೂನಿನ ಮಾತನ್ನು ಬೆಳಕಿನ ಭಾಷಣಕ್ಕೆ ಎಳೆದು ತಂದದ್ದಕ್ಕೆ ಕಾರಣವಿದೆ. ಹವಳದ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬೆಳಕಿನಲ್ಲಿ ಅದು ಅಡುಗೆ ಮಾಡಿದರೆ ಹವಳಕ್ಕೆ ಊಟ. ಆ ಅಡುಗೆಗೆ ಬೇಕಾದ ಬೆಳಕಿನ ಅಳತೆಗೆ ಪಾರ್ ಎನ್ನುತ್ತೇವೆ: ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಬೆಳಕಿನ ಕಣ ಬಿತ್ತು ಎಂಬ ಲೆಕ್ಕ. ನಡುಹಗಲಿನ ಬಿಸಿಲು ಸುಮಾರು 2000. ಕವಲೊಡೆಯುವ ಕಲ್ಲುಹವಳಕ್ಕೆ ತೊಟ್ಟಿಯಲ್ಲಿ 200ರಿಂದ 400 ಕೊಡುತ್ತಾರೆ. ಮೆತ್ತನೆಯ ಹವಳಗಳಿಗೆ 50ರಿಂದ 150 ಸಾಕು. ವಿದೇಶಿ ಕ್ಯಾಟಲಾಗುಗಳಲ್ಲಿ ದೊಡ್ಡ ತೊಟ್ಟಿಗೆಂದು ಬರೆದಿರುವ 400 ವಾಟಿನ ಮೆಟಲ್ ಹ್ಯಾಲೈಡ್ ದೀಪಗಳು ನಾವು ಇಟ್ಟುಕೊಳ್ಳಲೇಬಾರದ ಜೀವಿಗಳಿಗೆ ಲೆಕ್ಕ ಹಾಕಿದಂಥವು. ಅದನ್ನೇ ತಂದು ಇಲ್ಲಿ ತೂಗುಹಾಕಿದರೆ ಲೆದರ್ ಕೋರಲ್ ಮುದುಡಿಕೊಳ್ಳುತ್ತದೆ, ನೀರು ಕಾಯುತ್ತದೆ, ಚಿಲ್ಲರ್ ದಿನವಿಡೀ ಓಡುತ್ತದೆ.

ಲೆಕ್ಕ ನೋಡಿ. ಎಂಟು ಅಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಆಳದ ತೊಟ್ಟಿಯಲ್ಲಿ ಸುಮಾರು 1,700 ಲೀಟರ್ ನೀರು ಹಿಡಿಸುತ್ತದೆ. 400 ವಾಟಿನ ಮೂರು ದೀಪ ದಿನಕ್ಕೆ ಎಂಟು ಗಂಟೆ ಉರಿದರೆ ತಿಂಗಳಿಗೆ 288 ಯೂನಿಟ್. 150 ವಾಟಿನ ಮೂರಕ್ಕೆ 108. ಬೆಸ್ಕಾಂ ಬಿಲ್ಲು ನೋಡಿದ ಮೇಲೆ ಹವಳದ ಹವ್ಯಾಸ ಬಿಟ್ಟವರಿದ್ದಾರೆ. ಮೊದಲೇ ಹೀಗೆ ಗುಣಿಸಿಕೊಂಡಿದ್ದರೆ ಬಿಡಬೇಕಾಗಿರಲಿಲ್ಲ.

ಹಾಗಾದರೆ 150 ವಾಟಿನ ಬೆಳಕು ತಳದವರೆಗೆ ತಲುಪುತ್ತದೆಯೇ? ತಲುಪಿಸುವುದು ರಿಫ್ಲೆಕ್ಟರಿನ ಕೆಲಸ. ಬರೀ ಬಲ್ಬು ಸುತ್ತಲೂ ಬೆಳಗುತ್ತದೆ, ಅದರ ಅರ್ಧ ಬೆಳಕು ಸೂರಿಗೆ ಹೋಗುತ್ತದೆ. ಗುಬ್ಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಊರು ಅದು. ನಟನ ಮುಖಕ್ಕೆ ಬೀಳದೆ ಪರದೆಯ ಮೇಲಕ್ಕೆ ಹೋದ ಬೆಳಕಿಗೆ ಟಿಕೆಟ್ ಕೊಂಡವನು ಚಪ್ಪಾಳೆ ತಟ್ಟುವುದಿಲ್ಲ. ಒಳ್ಳೆಯ ರಿಫ್ಲೆಕ್ಟರ್ ಹಾಕಿದರೆ ಅದೇ ಬಲ್ಬಿನಿಂದ ತೊಟ್ಟಿಗೆ ಬೀಳುವ ಬೆಳಕು ಎರಡು ಪಟ್ಟಾಗುವುದುಂಟು. ಆದರೂ ಜನ ಬಲ್ಬಿಗೆ ಸಾವಿರಗಟ್ಟಲೆ ಸುರಿದು ರಿಫ್ಲೆಕ್ಟರಿಗೆ ಒಂದು ತಗಡಿನ ತುಂಡು ಬಗ್ಗಿಸುತ್ತಾರೆ.

ತಗಡಿನಲ್ಲೂ ಜಾತಿಗಳಿವೆ. ಪಾಲಿಷ್ ಮಾಡಿ ಆನೊಡೈಸ್ ಮಾಡಿದ ಒಳ್ಳೆಯ ಅಲ್ಯೂಮಿನಿಯಂ ಹಾಳೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬೆಳಕನ್ನು ಹಿಂತಿರುಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಷ್ಟೇ ಹೊಳೆಯಲಿ, ಅರುವತ್ತರ ಆಸುಪಾಸು. ಬಿಳಿ ಬಣ್ಣ ಕಣ್ಣಿಗೆ ಮಂಕಾದರೂ ಸ್ಟೀಲಿಗಿಂತ ವಾಸಿ, ಆದರೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ತೊಟ್ಟಿಗೆ ಹತ್ತಿರವೇ ಮುಚ್ಚುವ ಹುಡ್ಡಿನ ಒಳಮೈಗೆ ಅಡ್ಡಿಯಿಲ್ಲ. ಅಡುಗೆಮನೆಯ ಫಾಯಿಲ್ ಮಾತ್ರ ದಯವಿಟ್ಟು ಬೇಡ. ಸುಕ್ಕು ಬೆಳಕನ್ನು ಅಡ್ಡಾದಿಡ್ಡಿ ಎಸೆಯುತ್ತದೆ, ತೆರೆದ ವೈರ್‌ಗೆ ತಾಗಿದರೆ ಶಾಕ್ ಹೊಡೆಯಬಹುದು. ಎಚ್‌ಎಂಟಿ ಕೈಗಡಿಯಾರ ಮಾಡುತ್ತಿದ್ದ ಊರು ನಮ್ಮದು, ಲೋಹದ ಮೈ ತೀಡುವ ಕೈಗಳಿಗೆ ಇಲ್ಲಿ ಬರವಿರಬಾರದು. ಡಬ್ಬಿಯಲ್ಲಿ ಬರುವ ರಿಫ್ಲೆಕ್ಟರಿಗೆ ಕಾಯುವ ಬದಲು ಇಲ್ಲಿಯೇ ಹಾಳೆ ಬಾಗಿಸಿ ಅಳೆದು ನೋಡಬಹುದು ಎನ್ನುವುದು ನನ್ನ ಅಭಿಪ್ರಾಯ.

ಬಾಗಿಸುವುದು ಎಷ್ಟು? ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಕೆಲಸವಿದೆ. ನೀರೊಳಗಿನ ಕಿರಣ ಪಕ್ಕದ ಗಾಜಿನ ಲಂಬಕ್ಕೆ 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಗೆ ಹೋಗದೆ ಪೂರ್ತಿ ಒಳಕ್ಕೇ ತಿರುಗುತ್ತದೆ. ಅದನ್ನು ಮೇಲಿನಿಂದ ಲೆಕ್ಕ ಹಾಕುತ್ತ ಬಂದರೆ, ದೀಪದಿಂದ ಲಂಬಕ್ಕೆ ಸುಮಾರು 60 ಡಿಗ್ರಿಯೊಳಗೆ ವಾಲಿ ನೀರಿಗಿಳಿದ ಕಿರಣಗಳನ್ನು ಸ್ವಚ್ಛವಾದ ಗಾಜಿನ ಗೋಡೆಗಳು ಬಿಟ್ಟುಕೊಡುವುದಿಲ್ಲ. ಅಂದರೆ ತೊಟ್ಟಿಯ ನಾಲ್ಕು ಗೋಡೆಗಳೂ ಪುಕ್ಕಟೆ ರಿಫ್ಲೆಕ್ಟರುಗಳು. 60 ಡಿಗ್ರಿ ದಾಟಿದ ಬೆಳಕಿನಲ್ಲಿ ಒಂದಷ್ಟು ನೀರಿನ ಮೇಲ್ಮೈಯಿಂದಲೇ ಜಾರಿಹೋಗುತ್ತದೆ, ಇನ್ನೊಂದಷ್ಟು ಗಾಜು ದಾಟಿ ಸೋಫಾದಲ್ಲಿ ಕೂತವರ ಕಣ್ಣು ಕುಕ್ಕುತ್ತದೆ. ಆದ್ದರಿಂದ ರಿಫ್ಲೆಕ್ಟರಿನ ಬಾಗು ಆ 60 ಡಿಗ್ರಿಯೊಳಗೆ ಬೆಳಕನ್ನು ಹಿಡಿದಿಡಬೇಕು. ಹಾಗೆಂದು ಸೂಜಿಯಂತೆ ಕೂಡಿಸಲೂಬಾರದು. ಪಾರ್ ಮೀಟರಿನ ಸೆನ್ಸರನ್ನು ಕೋಲಿಗೆ ಕಟ್ಟಿ ಬಲ್ಬಿನ ನೇರ ಕೆಳಗೆ ಇಳಿಸಿದಾಗ 500 ತೋರಿಸಿ, ಒಂದು ಗೇಣು ಪಕ್ಕಕ್ಕೆ ಸರಿಸಿದೊಡನೆ 150ಕ್ಕೆ ಕುಸಿಯುವ ತೊಟ್ಟಿಗಳಿವೆ. ಅಲ್ಲಿ ಜೀವಿಗಳ ಜಾಗ ನಿರ್ಧಾರವಾಗುವುದು ನಮ್ಮ ಇಷ್ಟದಂತಲ್ಲ, ಬಲ್ಬಿನ ಇಷ್ಟದಂತೆ. ಎಲ್‌ಇಡಿ ಕೊಳ್ಳುವವರೂ ಇದೇ ಪ್ರಶ್ನೆ ಕೇಳಬೇಕು. ಅಲ್ಲಿ ರಿಫ್ಲೆಕ್ಟರಿನ ಕೆಲಸ ಲೆನ್ಸ್ ಮಾಡುತ್ತದೆ. ಲೆನ್ಸಿನ ಕೋನವನ್ನು ಲಂಬದ ಎರಡೂ ಬದಿ ಸೇರಿಸಿ ಹೇಳುತ್ತಾರೆ: 60 ಡಿಗ್ರಿಯ ಲೆನ್ಸ್ ಆಳಕ್ಕೆ ಚುಚ್ಚುತ್ತದೆ, 120ರದ್ದು ಹರಡುತ್ತದೆ. ಮೂರಡಿ ಅಗಲದ ತೊಟ್ಟಿಗೆ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಟಿ5 ಫ್ಲೂರೆಸೆಂಟ್ ಟ್ಯೂಬುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಟ್ಯೂಬಿಗೂ ಬೇರೆ ಬೇರೆ ರಿಫ್ಲೆಕ್ಟರ್ ಕೊಟ್ಟರೆ ಅವುಗಳಷ್ಟು ಸಮನಾಗಿ ಬೆಳಗುವ ದೀಪ ಇನ್ನೊಂದಿಲ್ಲ. ಆದರೆ ಪಾದರಸದ ಮಿನಾಮಾಟಾ ಒಪ್ಪಂದದಿಂದಾಗಿ ಜಗತ್ತೇ ಅವಕ್ಕೆ ಬಾಗಿಲು ಹಾಕುತ್ತಿದೆ. ಹೊಸದಾಗಿ ತೊಟ್ಟಿ ಕಟ್ಟುವವರು ಅವನ್ನು ನಂಬಿ ಕೂರುವುದು ಜಾಣತನವಲ್ಲ.

ನೀರೂ ಬೆಳಕನ್ನು ತಿನ್ನುತ್ತದೆ. ಕುಣಿಗಲ್ ದೊಡ್ಡಕೆರೆಯ ನೀರನ್ನು ಉದ್ದನೆಯ ಗಾಜಿನ ಜಾಡಿಗೆ ತುಂಬಿ ಬಿಳಿ ಕಾಗದದ ಮೇಲಿಟ್ಟು ಮೇಲಿನಿಂದ ಇಣುಕಿದರೆ, ಕಾಗದದ ಬಿಳುಪು ಉಳಿದಿರುವುದಿಲ್ಲ. ಕೆರೆಯೆಂದರೆ ಹಾಗೆಯೇ: ಕೊಳೆತ ಎಲೆ, ಪಾಚಿ ಸೇರಿ ನೀಲಿ ಬೆಳಕನ್ನು ಹೀರಿಬಿಡುತ್ತವೆ. ಅಕ್ವೇರಿಯಂ ನೀರೂ ತಿಂಗಳುಗಟ್ಟಲೆಯಲ್ಲಿ ಹಾಗೆಯೇ ಹಳದಿಗೆ ತಿರುಗುತ್ತದೆ. ದಿನವೂ ನೋಡುವವರಿಗೆ ಗೊತ್ತಾಗುವುದಿಲ್ಲ. ಹವಳದ ಪಾಚಿಗೆ ಬೇಕಾದದ್ದೇ ನೀಲಿ. ಒಂದು ಚೀಲ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಹಾಕಿದರೆ ಹೊಸ ದೀಪ ಕೊಂಡಷ್ಟು ಬೆಳಕು ಮರಳಿ ಬರುತ್ತದೆ. ಸ್ವಲ್ಪ ಸ್ವಲ್ಪವಾಗಿ ಹಾಕಿ. ಕತ್ತಲಿಗೆ ಒಗ್ಗಿದ ಹವಳಕ್ಕೆ ಒಮ್ಮೆಲೇ ಬೆಳಕಾದರೆ ಬಣ್ಣ ಬಿಡುತ್ತದೆ.

ಈಗ ಸೂರ್ಯನ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಹವಳ ಅಕ್ವೇರಿಯಂನ ಮುಖ್ಯ ತೊಟ್ಟಿಯಲ್ಲಿ 25 ಲಕ್ಷ ಲೀಟರ್ ನೀರಿತ್ತು. ಮೇಲೆ ಸೂರಿರಲಿಲ್ಲ, ಬಿಸಿಲೇ ದೀಪವಾಗಿತ್ತು. ನಮ್ಮ ಹಳೆಯ ತೊಟ್ಟಿಮನೆಗಳಿಗೂ ಬೆಳಕಿಂಡಿ ಹೊಸದಲ್ಲ. ಒಳಮೈ ಕನ್ನಡಿಯಂತಿರುವ ಅಲ್ಯೂಮಿನಿಯಂ ಕೊಳವೆಗಳನ್ನು ಸೂರಿನಿಂದ ತೊಟ್ಟಿಯ ಮೇಲಕ್ಕೆ ಇಳಿಸಿ, ಬಾಯಿಗೆ ಹಾಲುಬಣ್ಣದ ಅಕ್ರಿಲಿಕ್ ಕೂರಿಸಿದರೆ ಅದೇ ದೀಪ, ಅದೇ ರಿಫ್ಲೆಕ್ಟರ್. 2000 ಬರುವ ಕಡೆ ನಮಗೆ ಬೇಕಾದದ್ದು 100ರ ಮೇಲೊಂದಿಷ್ಟು. ಹಾಗಾಗಿ 24 ಚದರಡಿಯ ತೊಟ್ಟಿಗೆ, ಸೋರಿಕೆ ಮೋಡ ಎಲ್ಲ ಸೇರಿಸಿಕೊಂಡರೂ, ಸೂರಿನಲ್ಲಿ ಐದಾರು ಚದರಡಿ ತೂತು ಸಾಕೆಂಬುದು ನನ್ನ ಅಂದಾಜು. ಮಳೆಗಾಲದ ಮಂಕು ದಿನಗಳಿಗೆ, ಸಂಜೆ ನೋಡುವವರ ಸಂತೋಷಕ್ಕೆ ಸಣ್ಣದೊಂದು ಎಲ್‌ಇಡಿ ಸಾಲು ಇರಲಿ. ಏಪ್ರಿಲ್ ಕೊನೆಯ ವಾರ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುವಾಗ ಕೊಳವೆಯ ಬಾಯಿಗೆ ಶೇಡ್ ನೆಟ್ ಬೇಕಾಗುತ್ತದೆ. ಶಾಖವೇ ದೊಡ್ಡ ಶತ್ರು. ನೀರು 30 ಡಿಗ್ರಿ ದಾಟಿ ಅಲ್ಲೇ ನಿಂತರೆ ಯಾವ ಬೆಳಕೂ ಹವಳವನ್ನು ಉಳಿಸದು.

ಎಲೆಕ್ಟ್ರಿಷಿಯನ್ನರಿಗೆ ಎರಡೇ ಮಾತು. ಉಪ್ಪುನೀರು ಕರೆಂಟಿನ ಹೆದ್ದಾರಿ. 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದ ತೊಟ್ಟಿಗೆ ದೀಪ ಜೋಡಿಸಬೇಡಿ, ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬಿಟ್ಟು ಮೇಲಕ್ಕೆ ತನ್ನಿ. ಇನ್ನು ಕರೆಂಟ್ ಹೋದಾಗ ಯುಪಿಎಸ್‌ಗೆ ಮೊದಲು ಪಂಪ್ ಸೇರಿಸಿ, ದೀಪವನ್ನಲ್ಲ. ಎರಡು ದಿನ ಬೆಳಕಿಲ್ಲದೆ ಹವಳ ತಡೆದುಕೊಳ್ಳುತ್ತದೆ, ನೀರು ಅಲುಗಾಡದೆ ಉಸಿರು ಕಟ್ಟಲು ಕೆಲವೇ ಗಂಟೆ ಸಾಕು.

ಊಟದ ನಂತರದ ಗೋಷ್ಠಿಯಲ್ಲಿ ಹೊಳೆಯುವ ಅಲ್ಯೂಮಿನಿಯಂ, ಸ್ಟೀಲ್, ಬಿಳಿ ಬಣ್ಣದ ಹಾಳೆ ಮೂರನ್ನೂ ಒಂದೇ 150 ವಾಟಿನ ಬಲ್ಬಿನ ಕೆಳಗೆ ಹಿಡಿದು, ನೀರು ತುಂಬಿದ ತೊಟ್ಟಿಯ ತಳದಲ್ಲಿ ಮೀಟರ್ ಓದುವ ಕೆಲಸವಿದೆ. ತೊಟ್ಟಿಯ ಮೂಲೆಗಳನ್ನೂ ಅಳೆಯಿರಿ. ನಾಲ್ಕನೆಯದಾಗಿ, ಒಂದು ವಾರ ಉಪ್ಪಿನ ತುಂತುರು ಕುಡಿಸಿ ಒರೆಸದೆ ಬಿಟ್ಟ ಅಲ್ಯೂಮಿನಿಯಂ ಹಾಳೆಯೊಂದನ್ನೂ ತರಿಸಿಟ್ಟಿದ್ದೇವೆ. ಅದರ ಅಂಕಿಯನ್ನು ಸ್ಟೀಲಿನ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳಿ.